5000 ವಾಟ್ ಗ್ಯಾರೇಜ್ ಹೀಟರ್: ನಾಲ್ಕು ಚಳಿಗಾಲ ಬಳಸಿದ ಮೇಲೆ

ಹೀಟರ್ ಹಾಕಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ಪಕ್ಕ. ಮನೆಗೆ ಅಂಟಿಕೊಂಡ ಗ್ಯಾರೇಜ್, ಎರಡು ಕಾರು ಹಿಡಿಯುತ್ತದೆ. ಒಂದು ದಿನಾ ಓಡಿಸುವ ಗಾಡಿ. ಇನ್ನೊಂದು 2001ರ ಮಾಜ್ದಾ ಮಿಯಾಟಾ, ನನ್ನ ಮುದ್ದು. ಅದು ನವೆಂಬರ್‌ನಲ್ಲಿ ಮಲಗಿದರೆ ಏಳುವುದು ಏಪ್ರಿಲ್‌ನಲ್ಲೇ. ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಆ ಉಪ್ಪಿನಲ್ಲಿ ಅದನ್ನು ಓಡಿಸಲು ಮನಸ್ಸು ಬರುವುದಿಲ್ಲ.

"ಕಾರಿಗೂ ಹೀಟರಾ? ಒಂದು ಕಂಬಳೀನೂ ಹೊದಿಸು" ಅಂತ ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ನಕ್ಕಿದ್ದರು. ಅಮ್ಮನ ತಮಾಷೆಯಲ್ಲಿ ಅರ್ಧ ಸತ್ಯವಿತ್ತು ಅಂತ ಆಮೇಲೆ ಗೊತ್ತಾಯಿತು.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಇದಕ್ಕೆ ಮುಂಚಿನ ವರ್ಷ ಚಿಮಣಿ ಇಲ್ಲದ ಪ್ರೊಪೇನ್ ಹೀಟರ್ ತಂದಿದ್ದೆ. ಹತ್ತೇ ನಿಮಿಷದಲ್ಲಿ ಗ್ಯಾರೇಜ್ ಬೆಚ್ಚಗಾಗುತ್ತಿತ್ತು. ಆದರೆ ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಅದೆಲ್ಲ ಎಲ್ಲಿಗೆ ಹೋಗಬೇಕು? ತಣ್ಣಗಿನ ಕಬ್ಬಿಣ ಹುಡುಕಿಕೊಂಡು ಹೋಗಿ ಕೂರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಮಿಯಾಟಾದ ಬಾನೆಟ್ ಮೇಲೆ ಹನಿ, ಗ್ಯಾರೇಜ್ ಬಾಗಿಲಿನ ಒಳಮೈಯಲ್ಲಿ ಮಂಜುಗಡ್ಡೆ. ಜುಲೈ ತಿಂಗಳಲ್ಲಿ ನಮ್ಮೂರ ಕಪಾಟಿನ ಬಟ್ಟೆ ಹೇಗಿರುತ್ತದೋ ಹಾಗೆ ಸೀಟೆಲ್ಲ ಥಂಡಿ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಯ ಭಯ ಬೇರೆ. ಗ್ಯಾರೇಜ್ ಗೋಡೆಯ ಆಚೆಗೇ ಮಗಳ ಕೋಣೆ. ಎರಡು ವಾರಕ್ಕೇ ಅದನ್ನು ಬಿಟ್ಟೆ.

ಸಾಮಾನ್ಯ ಪ್ಲಗ್ಗಿಗೆ ಹಾಕುವ 1500 ವಾಟ್‌ನ ಪುಟ್ಟ ಹೀಟರನ್ನೂ ನೋಡಿದೆ. ಎಕ್ಸ್‌ಟೆನ್ಶನ್ ವೈರಿನ ಪ್ಲಗ್ ಮುಟ್ಟಿದರೆ ಬಿಸಿ. ಅಷ್ಟೇ ಸಾಕು, ಅದೂ ಬೇಡ ಅನ್ನಿಸಿತು.

ಕೊನೆಗೆ ಬಂದದ್ದು ಇದು: 240 ವೋಲ್ಟ್, 5000 ವಾಟ್, ಚಾವಣಿಗೆ ನೇತುಹಾಕುವ ಫ್ಯಾನ್ ಹೀಟರ್. ಸುಮಾರು 21 ಆಂಪಿಯರ್ ಎಳೆಯುತ್ತದೆ, ಅದಕ್ಕೆ 30 ಆಂಪಿಯರ್‌ನ ಬೇರೆಯೇ ಲೈನ್ ಬೇಕು. ಎಲೆಕ್ಟ್ರಿಷಿಯನ್ ಕರೆಸಿಯೇ ಮಾಡಿಸಿದೆ. ಹೀಟರಿಗಿಂತ ಅವನ ಕೂಲಿ ಜಾಸ್ತಿ ಆಯಿತು, ಆದರೂ ಇದರಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ.

ಮೇಲೆ ನೇತುಹಾಕುವುದಕ್ಕೆ ಕಾರಣ ಜಾಗ ಉಳಿಯುತ್ತದೆ ಅಂತ ಮಾತ್ರ ಅಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಲ್ಲಾದರೂ ಸೋರಿದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಕಿಡಿ ಹಾರುವ ಸಾಮಾನು ನೆಲದಿಂದ ಕನಿಷ್ಠ ಒಂದೂವರೆ ಅಡಿ ಮೇಲಿರಬೇಕು ಅನ್ನುವ ನಿಯಮ ಇಲ್ಲಿ ಇರುವುದು ಅದಕ್ಕೇ. ಬಿಸಿಗಾಳಿ ನೇರ ಕಾರಿನ ಮೇಲೆ ಬೀಳದ ಹಾಗೆ ಹೀಟರಿನ ಮುಂದಿರುವ, ಗಾಳಿಗೆ ದಿಕ್ಕು ಕೊಡುವ ರೆಕ್ಕೆಗಳನ್ನು ಗೋಡೆ ಕಡೆ ತಿರುಗಿಸಿದ್ದೇನೆ. ಕಾರಿನ ಬಟ್ಟೆ ಕವರ್, ರಟ್ಟಿನ ಡಬ್ಬ, ಪೇಂಟ್ ಡಬ್ಬ ಯಾವುದೂ ಅದರ ಹತ್ತಿರ ಇಲ್ಲ.

ಮೊದಲ ಜನವರಿ ಉತ್ಸಾಹದಲ್ಲಿ 13 ಡಿಗ್ರಿಗೆ ಇಟ್ಟೆ. ಕರೆಂಟ್ ಬಿಲ್ ಹೆಚ್ಚುಕಡಿಮೆ 200 ಡಾಲರ್ ಏರಿತು. ಯೂನಿಟ್ಟಿಗೆ ಸುಮಾರು 15 ಸೆಂಟ್ ಅಂದರೆ, ನಿಲ್ಲದೆ ಓಡಿದರೆ ಗಂಟೆಗೆ 75 ಸೆಂಟ್. ಬಿಲ್ ಹೋಗಲಿ, ಕಾರಿಗೂ ಅದರಿಂದ ಒಳ್ಳೆಯದಾಗಲಿಲ್ಲ. ದಿನಾ ಓಡಿಸುವ ಗಾಡಿ ಚಕ್ರದ ಸಂದಿಯಲ್ಲಿ ಉಪ್ಪು ಬೆರೆತ ಹಿಮ ಹೊತ್ತು ತರುತ್ತದಲ್ವಾ? ಹೊರಗಿದ್ದರೆ ಅದು ಕಲ್ಲಿನಂತೆ ಕೂತಿರುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಕರಗಿ ಉಪ್ಪುನೀರಾಗುತ್ತದೆ, ತುಕ್ಕಿಗೆ ಹಬ್ಬ. ಆ ತೇವ ಪಕ್ಕದ ಮಿಯಾಟಾಕ್ಕೂ ತಟ್ಟುತ್ತದೆ.

ಈಗ ಹೀಟರನ್ನು 7 ಡಿಗ್ರಿಯಲ್ಲಿ, ಅಂದರೆ ಅದರ ಅತಿ ಕಡಿಮೆ ಗೆರೆಯಲ್ಲಿ ಇಡುತ್ತೇನೆ. ಒಮ್ಮೆ ಕಾಯಿಸಿ ಒಮ್ಮೆ ಆರಿಸುವ ಆಟ ಇಲ್ಲ, ಒಂದೇ ಸಮ. ಬಾಗಿಲಿಗೆ ಫೋಮ್ ಹಾಳೆ ಹಚ್ಚಿದೆ, ಕೆಳಗಿನ ರಬ್ಬರ್ ಪಟ್ಟಿ ಬದಲಾಯಿಸಿದೆ, ಗಾಡಿ ಒಳಬಂದ ಮೇಲೆ ನೆಲದ ನೀರನ್ನು ವೈಪರ್‌ನಿಂದ ಹೊರಗೆ ತಳ್ಳುತ್ತೇನೆ. ಜನವರಿ ಬಿಲ್ಲಿನ ಏರಿಕೆ ಈಗ 100 ಡಾಲರ್ ಆಸುಪಾಸು. 2023-24ರ ಬಿಲ್ ಇನ್ನೂ ಕಡಿಮೆ ಬಂದಿತ್ತು, ಆದರೆ ಆ ಚಳಿಗಾಲ ಇಲ್ಲಿ ದಾಖಲೆಯ ಬೆಚ್ಚಗಿನದು. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ನಿಜ ಹೇಳಬೇಕಂದರೆ ಸುಮ್ನೆ ನಿಂತ ಕಾರಿಗೆ ಹೀಟರ್ ಬೇಕೇ ಇಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಚಾರ್ಜ್ ಇಳಿದದ್ದು ಸೊನ್ನೆಗಿಂತ ಸ್ವಲ್ಪವೇ ಕೆಳಗೆ ಹೆಪ್ಪುಗಟ್ಟಬಹುದು. ಹಾಗಾಗಿ ಬ್ಯಾಟರಿಗೆ ಮೇಂಟೇನರ್ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಪುಟ್ಟ ಚಾರ್ಜರ್) ಸಿಕ್ಕಿಸಿ, ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ದ್ರವ ಹಾಕಿದರೆ ಮುಗಿಯಿತು. ಹೀಟರ್ ಬೇಕಿದ್ದದ್ದು ಶನಿವಾರ ಸ್ಪ್ಯಾನರ್ ಹಿಡಿದು ಕೂರುವ ನನಗೆ. ಬೆಚ್ಚಗಾದ ಮೇಲೆ ಇಲಿಗಳಿಗೂ ಬೇಕಾಯಿತು. ಎರಡನೇ ವರ್ಷ ಏರ್ ಫಿಲ್ಟರ್ ಡಬ್ಬಿಯಲ್ಲಿ ಹತ್ತಿಯ ಗೂಡು ಸಿಕ್ಕಿತು. ಈಗ ನವೆಂಬರ್‌ನಲ್ಲಿ ಆ ಫಿಲ್ಟರಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಸ್ಟೀಲ್ ನಾರು ತುರುಕಿ, ಅದನ್ನು ತೆಗೆಯಲು ಮರೆಯದಿರಲಿ ಅಂತ ಸ್ಟಿಯರಿಂಗ್‌ಗೆ ಕೆಂಪು ದಾರ ಕಟ್ಟುತ್ತೇನೆ.

ಹೀಟರಿನ ದೂರು ಎರಡು. ಬಿಸಿ ಅಳೆದು ಹೀಟರನ್ನು ನಡೆಸುವ ಥರ್ಮೋಸ್ಟಾಟ್ ಚಾವಣಿಯ ಬಿಸಿ ಲೆಕ್ಕ ಹಿಡಿಯುತ್ತದೆ, ನೆಲದ ಹತ್ತಿರ ಮೂರು ಡಿಗ್ರಿ ಕಡಿಮೆ. ಮೂರನೇ ವರ್ಷದಿಂದ ಫ್ಯಾನ್ ಕಿರ್ ಅನ್ನುತ್ತಿದೆ, ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ಹೊಸ ಮೋಟಾರ್ ತರಿಸಿಟ್ಟಿದ್ದೇನೆ. ಬ್ರೇಕರ್ ಇಳಿಸಿ ಏಣಿ ಹತ್ತುವುದೊಂದು ಬಾಕಿ.