ಬ್ಯಾರಿಕೇಡ್‌ನ ಈಚೆಯಿಂದ: ಸುದ್ದಿ ಛಾಯಾಗ್ರಾಹಕನ ಚೀಲದಲ್ಲಿ 200–500 ಲೆನ್ಸ್

ಜಿಲ್ಲಾ ಕೇಂದ್ರದಲ್ಲಿ ಕೆಲಸ ಮಾಡುವ ಪತ್ರಿಕಾ ಛಾಯಾಗ್ರಾಹಕನಿಗೆ ಕ್ರೀಡೆ, ರಾಜಕೀಯ, ಜಾತ್ರೆ, ಅಪಘಾತ ಎಂಬ ವಿಂಗಡಣೆ ಇರುವುದಿಲ್ಲ. ಬೆಳಿಗ್ಗೆ ಅಧಿಕಾರಿಗಳ ಸಭೆ, ಮಧ್ಯಾಹ್ನ ಕಾಲುವೆಗೆ ನೀರು ಬಿಡಿ ಎಂದು ರೈತರು ಹೂಡಿದ ಧರಣಿ, ಸಂಜೆ ಕಬಡ್ಡಿ ಪಂದ್ಯ, ಎಲ್ಲವನ್ನೂ ಒಂದೇ ಚೀಲದಲ್ಲಿರುವ ಒಂದೆರಡು ಲೆನ್ಸ್‌ಗಳಿಂದ ಮುಗಿಸಬೇಕು. ಹೊಸಪೇಟೆಯಲ್ಲಿ ಈ ಕೆಲಸ ಮಾಡುತ್ತ ನಾನು ಬಹುಕಾಲ 24–70 ಮತ್ತು 70–200 ಮಿ.ಮೀ. ಲೆನ್ಸ್‌ಗಳಲ್ಲೇ ಕಾಲ ಕಳೆದವನು; ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 2024ರ ಮೇ ತಿಂಗಳಲ್ಲಿ, ವೃತ್ತಿಯಿಂದ ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಂದ, ಅವರು ಬಳಸುತ್ತಿದ್ದ ನಿಕಾನ್ ಎಎಫ್‌-ಎಸ್ ನಿಕ್ಕೋರ್ 200–500 ಮಿ.ಮೀ. ಎಫ್ 5.6 ಲೆನ್ಸನ್ನು 62 ಸಾವಿರ ರೂಪಾಯಿಗೆ ಕೊಂಡೆ. ಪತ್ರಿಕೆ ಕೊಡಿಸಿದ್ದಲ್ಲ, ಸ್ವಂತ ದುಡ್ಡು. ಆದ್ದರಿಂದ ಕಚೇರಿಯ ಕೆಲಸಕ್ಕೂ ರಜೆಯ ತಿರುಗಾಟಕ್ಕೂ ಅದು ದುಡಿಯಲೇಬೇಕಿತ್ತು.

2015ರಲ್ಲಿ ಮಾರುಕಟ್ಟೆಗೆ ಬಂದ ಈ ಲೆನ್ಸ್ ಹಕ್ಕಿ, ಹುಲಿಗಳ ಹಿಂದೆ ಹೋಗುವವರದ್ದೆಂದೇ ಹೆಸರಾಗಿದೆ. ನನ್ನ ಅನುಭವದಲ್ಲಿ ಇದು ಅದಕ್ಕಿಂತ ಹೆಚ್ಚಾಗಿ, ದೂರ ನಿಲ್ಲಿಸಲ್ಪಟ್ಟವನ ಲೆನ್ಸ್. ಹತ್ತು ವರ್ಷದ ಹಿಂದೆ ವೇದಿಕೆಯ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಯುತ್ತಿದ್ದ ಕಾರ್ಯಕ್ರಮಗಳಲ್ಲಿ ಇಂದು ಮಾಧ್ಯಮದವರಿಗೆಂದು ಕಟ್ಟಿದ ಬೊಂಬಿನ ಬೇಲಿ ಐವತ್ತು ಮೀಟರ್ ಹಿಂದಕ್ಕೆ ಸರಿದಿದೆ. ಬೇಲಿ ಸರಿದಷ್ಟೂ ಲೆನ್ಸ್ ಉದ್ದವಾಗಬೇಕಾದ ಕಾಲ ಇದು.

ಅಂಕಿಅಂಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರೈಪಾಡ್ ಕಾಲರ್ ಸೇರಿ ತೂಕ 2,300 ಗ್ರಾಂ, ಮುಂಭಾಗದ ಫಿಲ್ಟರ್ ಅಳತೆ 95 ಮಿ.ಮೀ., ಅತಿ ಹತ್ತಿರದ ಫೋಕಸ್ 2.2 ಮೀಟರ್. 200ರಲ್ಲಿದ್ದರೂ 500ರಲ್ಲಿದ್ದರೂ ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರ್ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), 5.6 ಆಗಿಯೇ ಉಳಿಯುತ್ತದೆ ಎಂಬುದು ಇದರ ದೊಡ್ಡ ಗುಣ. ಜೂಮ್ ಮಾಡಿದಾಗ ಬೆಳಕಿನ ಲೆಕ್ಕ ತಪ್ಪುವುದಿಲ್ಲ. ನಾನು ಇದನ್ನು ಡಿ 500 ಕ್ಯಾಮೆರಾಗೆ ಜೋಡಿಸುತ್ತೇನೆ. ಆ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 500 ಮಿ.ಮೀ. ನೋಟವು ಪೂರ್ಣ ಗಾತ್ರದ ಸೆನ್ಸರ್‌ನ 750ಕ್ಕೆ ಸಮನಾಗುತ್ತದೆ. ಎರಡೂ ಸೇರಿದರೆ ಮೂರು ಕಿಲೊ ದಾಟುತ್ತದೆ, ಆ ಮಾತು ಮುಂದೆ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು, ಅದನ್ನು ಹಿಡಿದಿದ್ದ ಚೈನ್ ತುಂಡಾಗಿ ಕೊಚ್ಚಿಹೋಯಿತು. ಲೆನ್ಸ್ ಕೊಂಡು ಮೂರು ತಿಂಗಳಾಗುತ್ತ ಬಂದಿತ್ತು. ಜಲಾಶಯದ ಮೇಲಿನ ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದಿದ್ದರಿಂದ, ಮರುದಿನ ದೂರದಲ್ಲಿ ನಿಂತು ನೋಡಿದವರಿಗೆ ಕಾಣುತ್ತಿದ್ದುದು ಒಂದೇ ಬಿಳಿ ನೀರಿನ ಗೋಡೆ. ಮುರಿದ ಗೇಟ್ ಯಾವುದೆಂದು 70–200ರ ಚಿತ್ರದಲ್ಲಿ ಬೆರಳಿಟ್ಟು ತೋರಿಸಲು ಸಾಧ್ಯವಿರಲಿಲ್ಲ. 500ಕ್ಕೆ ಹೋದಾಗ ವ್ಯತ್ಯಾಸ ಸ್ಪಷ್ಟವಾಯಿತು. ಉಳಿದ ಕಡೆ ಮೇಲಕ್ಕೆತ್ತಿದ ಕಬ್ಬಿಣದ ಹಲಗೆಯ ಅಡಿಯಿಂದ ನೀರು ನುಗ್ಗುತ್ತಿದ್ದರೆ, 19ರಲ್ಲಿ ಹಲಗೆಯೇ ಇಲ್ಲದೆ, ಎರಡು ಕಂಬಗಳ ನಡುವೆ ಬರೀ ಆಕಾಶ, ಅದರ ಕೆಳಗೆ ನೀರು. ಸುದ್ದಿ ಇದ್ದದ್ದು ಆ ಖಾಲಿ ಜಾಗದಲ್ಲಿ.

ಆದರೆ ಅದೇ ದಿನ ಈ ಲೆನ್ಸ್‌ನ ಇನ್ನೊಂದು ಮುಖವೂ ಪರಿಚಯವಾಯಿತು. ಉದ್ದನೆಯ ಲೆನ್ಸ್‌ನಲ್ಲಿ ದೂರದಿಂದ ತೆಗೆದ ಚಿತ್ರ ಹಿಂದಿನದನ್ನು ಮುಂದಕ್ಕೆ ಎಳೆದು ತರುತ್ತದೆ. ಮುಂದೆ ಇದ್ದ ವಿದ್ಯುತ್ ಕಂಬ, ಒಂದು ಹೆಂಚಿನ ಮಾಡು, ಅವುಗಳ ಹಿಂದೆ ಅಣೆಕಟ್ಟೆಯ ನೀರು. ನಡುವಿನ ಅಂತರವೆಲ್ಲ ಮಾಯವಾಗಿ, ಪ್ರವಾಹ ಇನ್ನೇನು ಮಾಡಿನ ಮೇಲೆ ಬಿತ್ತು ಎನ್ನುವಂತೆ ಕಾಣುತ್ತಿತ್ತು. ಚಿತ್ರದಲ್ಲಿ ಸುಳ್ಳಿಲ್ಲ, ಆದರೆ ಓದುಗ ಅದರಿಂದ ತಿಳಿಯುವುದು ನಿಜವಲ್ಲ. ನಾನು ಅಗಲ ನೋಟದ ಇನ್ನೊಂದು ಚಿತ್ರವನ್ನೂ, ಅಂತರವನ್ನು ವಿವರಿಸುವ ಅಡಿಬರಹವನ್ನೂ ಜೊತೆಗೆ ಕಳಿಸಿದೆ. ಅಚ್ಚಾಗಲು ಪತ್ರಿಕೆಯ ಸಂಪಾದಕೀಯ ಡೆಸ್ಕ್ ಮೊದಲು ಕೈಗೆತ್ತಿಕೊಂಡದ್ದು ಯಾವುದನ್ನು ಎಂದು ಊಹಿಸುವುದು ಕಷ್ಟವಲ್ಲ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದ ಮೇಲೆ ಎರಡೂ ಒಟ್ಟಿಗೆ ಬಂದವು. ಈ ಲೆನ್ಸನ್ನು ಸುದ್ದಿಗೆ ಬಳಸುವವರು ಈ ಎಚ್ಚರಿಕೆಯನ್ನು ಕೈಪಿಡಿಯ ಮೊದಲ ಪುಟವೆಂದೇ ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ಆಮೇಲಿನ ದಿನಗಳಲ್ಲಿ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ, ಗೇಟಿನ ಜಾಗ ಮುಚ್ಚುವ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸುವ ಕೆಲಸ ನಡೆದಾಗ, ಲೆನ್ಸ್ ತನ್ನ ಬೆಲೆಯನ್ನು ತೀರಿಸಿತು ಎನ್ನಬಹುದು. ಆಗಸ್ಟ್ 16ರಂದು ಮೊದಲ ಹಲಗೆ ಕೂತಾಗ ದೂರದಿಂದಲೇ ಸಿಕ್ಕ ಚಿತ್ರದಲ್ಲಿ ಸುರಕ್ಷಾ ಬೆಲ್ಟ್ ಕಟ್ಟಿಕೊಂಡ ಕಾರ್ಮಿಕನೊಬ್ಬ ಒದ್ದೆ ಕೈಯಿಂದ ಮುಖ ಒರೆಸಿಕೊಳ್ಳುವುದು ಕಾಣುತ್ತದೆ. ಮೋಡದ ಸಂಜೆಯಾದ್ದರಿಂದ ಷಟರ್ ವೇಗ ಸೆಕೆಂಡಿನ 1/80ಕ್ಕೆ ಇಳಿದಿತ್ತು, ಟ್ರೈಪಾಡ್ ಇರಲಿಲ್ಲ. ಕೈನಡುಕವನ್ನು ಸರಿದೂಗಿಸುವ ವಿಆರ್ ವ್ಯವಸ್ಥೆ ನಾಲ್ಕೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ನೆರವಾಗುತ್ತದೆ ಎಂಬ ಕಂಪನಿಯ ಮಾತಿಗೆ ನಾನು ಆ ಫ್ರೇಮನ್ನೇ ಸಾಕ್ಷಿಯಾಗಿ ಇಟ್ಟುಕೊಂಡಿದ್ದೇನೆ.

ಇನ್ನು ಮೈಲಾರ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಕರಿ ಕಂಬಳಿ ಹೊದ್ದು, ಡಮರುಗ ಹಿಡಿದ, ಮೈಲಾರಲಿಂಗನ ಭಕ್ತರಾದ ಗೊರವರು ‘ಏಳು ಕೋಟಿಗೋ ಚಾಂಗಮಲೋ’ ಎಂದು ಕೂಗುತ್ತ ಡೆಂಕನಮರಡಿಗೆ ಬಂದು ಸೇರಿದ ಮೇಲೆ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ಒಂದೇ ವಾಕ್ಯದ ಭವಿಷ್ಯವಾಣಿಯಾದ ಕಾರ್ಣಿಕ ನುಡಿದು, ಮೇಲಿನಿಂದ ಕೆಳಗೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಛಾಯಾಗ್ರಾಹಕನಿಗೆ ಸಿಗುವ ಸಮಯ ಒಂದೆರಡು ಸೆಕೆಂಡು. ಅದೂ ಇಳಿಹೊತ್ತಿನ ಬೆಳಕಿನಲ್ಲಿ, ಅಲುಗಾಡುವ ಜನರ ನಡುವೆ, ಮೊಣಕೈಗೆ ಮೊಣಕೈ ತಾಗಿಸಿ ನಿಂತು.

2025ರ ಫೆಬ್ರುವರಿಯಲ್ಲಿ ನಾನು ಒಂದು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಜಾಗ ಹಿಡಿದು, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200, ಷಟರ್ 1/1000 ಎಂದು ಇಟ್ಟುಕೊಂಡು ಕಾದೆ. 70–200ರ ಎಫ್ 2.8 ಆಗಿದ್ದರೆ ಐಎಸ್‌ಒ 800 ಸಾಕಾಗುತ್ತಿತ್ತು. ಎರಡು ಸ್ಟಾಪ್ ಬೆಳಕನ್ನು ಕೊಟ್ಟು ದೂರವನ್ನು ಕೊಳ್ಳುವ ವ್ಯಾಪಾರ ಇದು. ಗೊರವಯ್ಯ ಮೇಲೇರುವಾಗ 500ರಲ್ಲಿ ಮುಖವಷ್ಟೇ ಫ್ರೇಮಿನಲ್ಲಿತ್ತು. ಬೀಳುವ ಹೊತ್ತಿಗೆ ಜನರ ಎತ್ತಿದ ಮುಖಗಳೂ ಬೇಕೆಂದು 300ಕ್ಕೆ ಬರಲು ತಿರುಗಿಸಿದೆ. ಈ ಲೆನ್ಸ್‌ನ ಜೂಮ್ ಉಂಗುರದ ತಿರುವು ಉದ್ದವಾದದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಮಧ್ಯೆ ಒಮ್ಮೆ ಕೈ ಬಿಟ್ಟು ಹಿಡಿಯಬೇಕು. ಅದು ಗೊತ್ತಿದ್ದೂ ತಡ ಮಾಡಿದ್ದು ನನ್ನದೇ ತಪ್ಪು. ಬೀಳುವಿಕೆಯ ಮೊದಲರ್ಧ ನನ್ನ ಬಳಿ ಇಲ್ಲ. ಗಾಳಿಯಲ್ಲಿ ಹಾರಿದ ಕಂಬಳಿಯ ಅಂಚು, ಕೆಳಗೆ ಚಾಚಿದ ಇಪ್ಪತ್ತು ಮೂವತ್ತು ಕೈಗಳು ಇವೆ. ಪತ್ರಿಕೆಗೆ ಅದು ಸಾಕಾಯಿತು, ನನಗೆ ಸಾಕಾಗಲಿಲ್ಲ.

ಇಲ್ಲಿ ಕ್ಯಾಮೆರಾದ ಬಗ್ಗೆ ಒಂದು ಮಾತು ಸೇರಿಸಬೇಕು. ‘ಸದ್ದಲೇ’ ಎಂದೊಡನೆ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಾಗ, ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಡಿ 500ರ ಕನ್ನಡಿಯ ಪಟಪಟ ಸದ್ದು ಟ್ರೇಲರ್‌ನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಪಕ್ಕದಲ್ಲಿದ್ದ ಅಜ್ಜ ತಿರುಗಿ ನೋಡದೆಯೇ ‘ಸುಮ್ಕಿರಪಾ ತಮ್ಮಾ’ ಎಂದರು. ಇಂಥ ಜಾಗಕ್ಕೆಂದೇ ಆ ಕ್ಯಾಮೆರಾದಲ್ಲಿ ಸದ್ದು ತಗ್ಗಿಸುವ ಕ್ವಯಟ್ ಮೋಡ್ ಇದೆ. ವೇಗ ಇಳಿಯುತ್ತದೆ, ಆದರೆ ಮರ್ಯಾದೆ ಉಳಿಯುತ್ತದೆ.

ಹಂಪಿಯ ಜೋಡಿ ರಥೋತ್ಸವದಲ್ಲಿ ಮಾತ್ರ ಲೆನ್ಸ್ ಯಾವ ತಕರಾರೂ ಇಲ್ಲದೆ ದುಡಿಯಿತು. ಮಾತಂಗ ಪರ್ವತದ ಮೇಲೆ ಕೂತರೆ ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರವೂ ರಥಬೀದಿಯ ಸಾಲುಮಂಟಪಗಳೂ ನೇರ ಕಾಣುತ್ತವೆ, ಸಂಜೆಯ ಬೆಳಕು ಚೆನ್ನಾಗಿರುತ್ತದೆ. ಅಂತರವನ್ನು ಕುಗ್ಗಿಸುವ ಅದೇ ಗುಣ ಇಲ್ಲಿ ಗೋಪುರವನ್ನೂ ತೇರನ್ನೂ ಒಂದೇ ಚೌಕಟ್ಟಿಗೆ ತಂದುಕೊಡುತ್ತದೆ. ಹಂಪಿ ಉತ್ಸವದ ರಾತ್ರಿ ವೇದಿಕೆಗಳಿಗೆ ಇದನ್ನು ಒಯ್ಯುವುದು ವ್ಯರ್ಥ. ಒಮ್ಮೆ ಒಯ್ದೆ, ಮತ್ತೆ ಒಯ್ಯಲಿಲ್ಲ.

ರಜೆಯ ದಿನಗಳ ವಿಚಾರಕ್ಕೆ ಬಂದರೆ, ಹೊಸಪೇಟೆಯವನಿಗೆ ದೂರ ಹೋಗುವ ಅಗತ್ಯವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ, ಎರಡೂ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅಂಕಸಮುದ್ರದಲ್ಲಿ ನೀರಿನೊಳಗೆ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ದಡದಿಂದ 400–500ರ ನಡುವೆ ಅಚ್ಚುಕಟ್ಟಾದ ಚಿತ್ರಗಳು ಬರುತ್ತವೆ. ಮಾಗಡಿಯ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಅತಿಥಿಗಳು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಹಿಂತಿರುಗುವಾಗ, ಇಳಿಬೆಳಕಿನ ಬದಲು ಏರುಬೆಳಕಿನಲ್ಲಿ, ಹಿಂಡು ಹಿಂಡಾಗಿ ಇಳಿಯುತ್ತವೆ. ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ವಿಆರ್ ಅನ್ನು ಸ್ಪೋರ್ಟ್ ಸ್ಥಾನದಲ್ಲಿಡಬೇಕು. ಇಲ್ಲವಾದರೆ ವ್ಯೂಫೈಂಡರ್‌ನ ನೋಟ ಕೈಯ ಚಲನೆಗೆ ಎದುರು ಎಳೆದಂತೆ ಅನಿಸುತ್ತದೆ. ಫೋಕಸ್ ಮಿತಿಯ ಗುಂಡಿಯನ್ನು ಆರು ಮೀಟರ್‌ನಿಂದ ಅನಂತಕ್ಕೆ ಇಟ್ಟರೆ ಲೆನ್ಸ್ ಹತ್ತಿರದ ಹುಲ್ಲಿನಲ್ಲಿ ಹುಡುಕಾಡುವುದು ತಪ್ಪುತ್ತದೆ.

ದರೋಜಿ ಕರಡಿಧಾಮದಲ್ಲಿ ಕಲಿತ ಪಾಠ ಬೇರೆಯದು. ಅಲ್ಲಿ ಸಿಬ್ಬಂದಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬಂದ ಮೇಲೆ ಕರಡಿಗಳು ಒಂದೊಂದಾಗಿ ಇಳಿಯುತ್ತವೆ; ನಾವು ಎದುರಿನ ವೀಕ್ಷಣಾ ಗೋಪುರದಿಂದ ನೋಡಬೇಕು. ಮೊದಲ ಭೇಟಿಯ ಮುನ್ನೂರು ಚಿತ್ರಗಳನ್ನು ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಒಂದರಲ್ಲೂ ಕರಡಿಯ ಕೂದಲು ಬಿಡಿಬಿಡಿಯಾಗಿ ಕಾಣಲಿಲ್ಲ. ಲೆನ್ಸ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿದ್ದು ಗಾಳಿ. ಬಿಸಿಲಿಗೆ ಕಾದ ಬಂಡೆಗಳಿಂದ ಏಳುವ ಝಳ, ನಡುವಿನ ಗಾಳಿಯನ್ನು ನೀರಿನಂತೆ ಅಲುಗಿಸುತ್ತಿರುತ್ತದೆ, ಐದು ಲಕ್ಷದ ಲೆನ್ಸ್ ತಂದರೂ ಅದಕ್ಕೆ ಮದ್ದಿಲ್ಲ. ಬಿಸಿಲು ಇಳಿದು, ಗೇಟು ಮುಚ್ಚುವ ಮುಂಚಿನ ಅರ್ಧ ಗಂಟೆಯಲ್ಲಿ ತೆಗೆದ ಹತ್ತು ಚಿತ್ರಗಳೇ ಆ ಮುನ್ನೂರಕ್ಕಿಂತ ಮೇಲು. ಬಳ್ಳಾರಿ ಸೀಮೆಯಲ್ಲಿ ‘ಈ ಲೆನ್ಸ್ ಶಾರ್ಪ್ ಇಲ್ಲ’ ಎನ್ನುವವರ ಮಾತನ್ನು ನಂಬುವ ಮೊದಲು, ಚಿತ್ರ ತೆಗೆದದ್ದು ಎಷ್ಟು ಗಂಟೆಗೆ ಎಂದು ಕೇಳಬೇಕು.

ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನಸುಕಿನಲ್ಲಿ ದಡದ ಬಂಡೆಯ ಮೇಲೆ ಮೊಣಕೈ ಊರಿ ಮಲಗಿದರೆ ಅವು ಮೀನು ಹಿಡಿದು ತಲೆಯ ಕಡೆಯಿಂದ ಕಡಿಯುವ ಸದ್ದು ಕೇಳುತ್ತದೆ. ಎರಡು ಬೇಸಿಗೆಯಲ್ಲಿ ನನಗೆ ಸಿಕ್ಕ ಒಳ್ಳೆಯ ಚಿತ್ರ ಒಂದೇ.

ತೂಕದ ಮಾತಿಗೆ ಬರೋಣ. ಮೂರು ಕಿಲೊವನ್ನು ಕತ್ತಿಗೆ ನೇತುಹಾಕಿ ಇಡೀ ದಿನ ಮೆರವಣಿಗೆಯ ಜೊತೆ ನಡೆಯುವುದು ನಲವತ್ತು ದಾಟಿದವರಿಗೆ ಹೇಳಿಸಿದ ಕೆಲಸವಲ್ಲ. ನಾನು ಒಂಟಿಕಾಲಿನ ಆಸರೆಯಾದ ಮೊನೊಪಾಡ್ ಬಳಸುತ್ತೇನೆ. ಜನಜಂಗುಳಿಯಲ್ಲಿ ಅದು ಊರುಗೋಲೂ ಆಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಮಳೆ ಹೊದಿಕೆಯೊಂದು ಅಣೆಕಟ್ಟೆಯ ತುಂತುರಿನಲ್ಲಿ ಹೊಲಿಗೆಯ ಕಡೆ ಸೋರಿ, ಮುಂದಿನ ಗಾಜಿನ ಒಳಗೆ ಮಂಜು ಕೂತಿತು. ಬೆಂಗಳೂರಿನ ಒಂದು ಖಾಸಗಿ ರಿಪೇರಿ ಅಂಗಡಿ ಲೆನ್ಸನ್ನು 24 ದಿನ ಇಟ್ಟುಕೊಂಡು, ಫೋನ್ ಮಾಡಿದಾಗಲೆಲ್ಲ ‘ನಾಳೆ ಸರ್’ ಎಂದು, ಕೊನೆಗೆ ಜೂಮ್ ಉಂಗುರದ ರಬ್ಬರ್ ಪಟ್ಟಿಯನ್ನು ಓರೆಯಾಗಿ ಅಂಟಿಸಿ ಕಳಿಸಿತು. ಈಗಲೂ ಓರೆಯಾಗಿಯೇ ಇದೆ. ಬೆರಳು ಅದಕ್ಕೆ ಒಗ್ಗಿಕೊಂಡಿದೆ.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಇರುವವರಿಗೆ 2023ರಲ್ಲಿ ಬಂದ ನಿಕ್ಕೋರ್ ಝಡ್ 180–600 ಲೆನ್ಸ್ ಇದೆ. ಅದು ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ತಿರುವೂ ಚಿಕ್ಕದು. ಹೊಸ ಕ್ಯಾಮೆರಾಗೆ ದುಡ್ಡು ಹಾಕಿದವರು ಅದನ್ನೇ ನೋಡುವುದು ಸರಿ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ನಲ್ಲೇ ಇನ್ನೂ ನಾಲ್ಕೈದು ವರ್ಷ ದುಡಿಯಬೇಕಾದ ನನ್ನಂಥವರಿಗೆ ಬಳಸಿದ 200–500ಕ್ಕಿಂತ ಉಪಯುಕ್ತವಾದದ್ದು ಆ ಬೆಲೆಗೆ ನನಗೆ ಕಾಣಲಿಲ್ಲ. ಮದುವೆ ಫೋಟೊಗ್ರಫಿಯವರಿಗೆ ಇದು ಬೇಡ.

ಬಳಸಿದ್ದನ್ನು ಕೊಳ್ಳುವವರು ಅಂಗಡಿಯಲ್ಲಿ ಟೇಬಲ್ ಮೇಲೆ ಇಟ್ಟು ನೋಡಬಾರದು. 200ರಲ್ಲಿ ಲಾಕ್ ಹಾಕಿ ಮುಖ ಕೆಳಗೆ ಮಾಡಿ ಹಿಡಿದು ಅದು ಜಾರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. 500ಕ್ಕೆ ಚಾಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ, ಗಾಜಿನ ಮೇಲೆ ಜೇಡನ ಬಲೆಯಂಥ ಬೂಷ್ಟು ಇದೆಯೇ ನೋಡಬೇಕು. ಟ್ರೈಪಾಡ್ ಕಾಲಿನ ಸ್ಕ್ರೂ ಬಿಗಿಯಾಗಿದೆಯೇ ತಿರುಗಿಸಿ ನೋಡಬೇಕು. ಆಮೇಲೆ ಅಂಗಡಿಯಿಂದ ಹೊರಗೆ ಬಂದು, ರಸ್ತೆಯ ಆಚೆ ಇರುವ ಯಾವುದಾದರೂ ಬೋರ್ಡಿನ ಚಿಕ್ಕ ಅಕ್ಷರಕ್ಕೆ ಗುರಿಯಿಟ್ಟು 500ರಲ್ಲಿ, ವಿಆರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಚಿತ್ರ ತೆಗೆಯಬೇಕು. ಬೆಳಿಗ್ಗೆ ಹತ್ತರೊಳಗೆ ಹೋದರೆ ಒಳ್ಳೆಯದು, ರಸ್ತೆ ಇನ್ನೂ ಕಾದಿರುವುದಿಲ್ಲ.