ಕೌಲ್ ಬಜಾರಿನ ಫಲಕವಿಲ್ಲದ ಗ್ಯಾರೇಜು: ಹಾಫ್ ಇಂಜಿನ್ ಕೆಲಸದ ಅನುಭವ

ನನ್ನ ಹಳೆಯ ಸ್ಪ್ಲೆಂಡರ್ ಕಳೆದ ಬೇಸಿಗೆಯಿಂದ ಹೊಗೆ ಬಿಡತೊಡಗಿತ್ತು. ಬೆಳಿಗ್ಗೆ ಕಿಕ್ ಹೊಡೆದಾಗ ಒಂದು ಗಳಿಗೆ ನೀಲಿ ಹೊಗೆ ಬಂದು ನಿಂತಿದ್ದರೆ ವಾಲ್ವ್ ಸೀಲ್ ಹೋಗಿರಬೇಕೆಂದು ಸುಮ್ಮನಿರಬಹುದಿತ್ತು. ಆದರೆ ತೋರಣಗಲ್ಲಿಗೆ ಹೋಗುವ ದಾರಿಯುದ್ದಕ್ಕೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹಿಂದೆ ಬರುವವರ ಮುಖಕ್ಕೆ ಹೊಗೆ ಬಡಿಯುತ್ತಿತ್ತು, ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಆಯಿಲ್ ಸುರಿಯಬೇಕಾಗುತ್ತಿತ್ತು. ಬೇರೊಂದು ಕಡೆ ಬರೀ ಪಿಸ್ಟನ್ನಿನ ಸುತ್ತಲಿನ ರಿಂಗ್ ಹಾಕಿಸಿ ಹಣ ಕಳೆದುಕೊಂಡದ್ದೂ ಆಗಿತ್ತು. ಎರಡೂವರೆ ತಿಂಗಳಲ್ಲಿ ಹೊಗೆ ಮತ್ತೆ ಕಾಣಿಸಿಕೊಂಡಿತು. ಆಮೇಲೆ ಪರಿಚಯದವರ ಮಾತು ಕೇಳಿ ಹಾಫ್ ಇಂಜಿನ್ ಕೆಲಸಕ್ಕೆ, ಅಂದರೆ ಇಂಜಿನ್ನಿನ ಕೆಳಭಾಗ ಬಿಚ್ಚದೆ ಮೇಲಿನ ಹೆಡ್, ಬ್ಲಾಕ್, ಪಿಸ್ಟನ್ ಮಾತ್ರ ಸರಿಪಡಿಸುವುದಕ್ಕೆ, ಬಳ್ಳಾರಿಯ ಕೌಲ್ ಬಜಾರಿನ ಈ ಗ್ಯಾರೇಜಿಗೆ ಗಾಡಿ ಒಯ್ದೆ. ಅಂಗಡಿಗೆ ಫಲಕವಿಲ್ಲ. ಎಲ್ಲರೂ ಉಸ್ತಾದರ ಅಂಗಡಿ ಎಂದೇ ಕರೆಯುತ್ತಾರೆ.

ಇಂಜಿನ್ ಇಳಿಸಿ ಬಿಚ್ಚುವಾಗ ಎದುರಿಗೇ ಕುಳಿತು ನೋಡಲು ಅವರು ಬಿಟ್ಟರು, ಇದು ನನಗೆ ಹಿಡಿಸಿದ ಮೊದಲ ಸಂಗತಿ. ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಆದ್ದರಿಂದ ಕೆಲಸದ ಹುಡುಗ ಒಂದು ರಟ್ಟಿನ ಮೇಲೆ ಕವರಿನ ಆಕಾರವನ್ನು ಪೆನ್ಸಿಲಿನಲ್ಲಿ ಬರೆದು, ಯಾವ ತೂತಿನಿಂದ ಬಂದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿ ನಿಲ್ಲಿಸುತ್ತ ಹೋದ. ಉದ್ದದ ಬೋಲ್ಟನ್ನು ಗಿಡ್ಡನೆಯದರ ಜಾಗಕ್ಕೆ ತಿರುಗಿಸಿ ಅಲ್ಯೂಮಿನಿಯಂ ತೂತಿನ ತಿರುಪಿನ ಗೆರೆಗಳನ್ನು ಹಾಳುಮಾಡಿದ ಗ್ಯಾರೇಜುಗಳನ್ನು ಕಂಡಿರುವ ನನಗೆ ಆ ರಟ್ಟೇ ಅರ್ಧ ನಂಬಿಕೆ ಹುಟ್ಟಿಸಿತು.

ಬ್ಲಾಕ್ ಹೊರಬಂದ ಮೇಲೆ ಉಸ್ತಾದರು ಮೇಲಿನ ರಿಂಗನ್ನು ಬಿಡಿಸಿ ಬೋರಿನೊಳಗೆ (ಪಿಸ್ಟನ್ ಓಡಾಡುವ ಕೊಳವೆಯೊಳಗೆ) ಇಟ್ಟು, ಅದು ಓರೆಯಾಗದಂತೆ ಪಿಸ್ಟನ್ನಿನ ತಲೆಯಿಂದಲೇ ಒಳಕ್ಕೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಬಾಯಿಯಲ್ಲಿ, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದರು. 0.50 ಮಿ.ಮೀ. ಎಲೆ ತಡೆಯಿಲ್ಲದೆ ಒಳಗೆ ಹೋಯಿತು, ಅಂದರೆ ಬಾಯಿ ಇರಬೇಕಾದ್ದಕ್ಕಿಂತ ಅಗಲವಾಗಿತ್ತು. "ರಿಂಗ್ ಅಷ್ಟ ಹಾಕಂದ್ರ ಹಾಕಿ ಕೊಡ್ತೀನ್ರಿ, ಆದ್ರ ಬೋರ್ ಸವದದ, ಮೂರು ತಿಂಗ್ಳಿಗೆ ಮತ್ತ ಬರ್ತೀರಿ" ಎಂದರು. ಕಾರಣ ಹುಡುಕುವುದಕ್ಕೂ ದೂರ ಹೋಗಬೇಕಾಗಲಿಲ್ಲ: ಏರ್ ಫಿಲ್ಟರಿನ ಒಂದು ಮೂಲೆ ಹರಿದು, ಒಳಗಿನ ಪೈಪಿನ ತನಕ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಮೆತ್ತಿಕೊಂಡಿತ್ತು. ಆ ಧೂಳು ಆಯಿಲಿನೊಂದಿಗೆ ಬೆರೆತರೆ ಬೋರನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ತಪ್ಪು ಗಾಡಿಯದಲ್ಲ, ಫಿಲ್ಟರನ್ನು ಒಮ್ಮೆಯೂ ತೆಗೆದು ನೋಡದ ನನ್ನದು.

ಈ ಇಂಜಿನ್ನಿನ ಬೋರಿನ ಅಗಲ 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 49.5 ಮಿ.ಮೀ.; ಅದರಿಂದಲೇ 97.2 ಸಿಸಿ. ಸವೆತ ಹೆಚ್ಚಾಗಿದ್ದುದರಿಂದ 0.50 ಓವರ್‌ಸೈಜ್, ಅಂದರೆ ಅರ್ಧ ಮಿ.ಮೀ. ದಪ್ಪನೆಯ, ಪಿಸ್ಟನ್ ಬೇಕಾಯಿತು. ಮೊದಲು ಪಿಸ್ಟನ್ ತರಿಸಿ, ಅದನ್ನು ಬ್ಲಾಕಿನ ಜೊತೆಯಲ್ಲೇ ಬೋರ್ ಕೊರೆಯುವ ಲೇತ್ ಅಂಗಡಿಗೆ ಕಳಿಸಿ, ಆ ಪಿಸ್ಟನ್ನಿನ ಅಳತೆಗೆ ಬೋರ್ ಹೊಡೆಸಿದ್ದು ಸರಿಯಾದ ಕ್ರಮ. ಬೋರ್ ಮೊದಲು ಹೊಡೆಸಿ ಪಿಸ್ಟನ್ ಆಮೇಲೆ ಕೊಳ್ಳುವವರೂ ಇದ್ದಾರೆ. (ಹೀಗೆ ನನ್ನ ಗಾಡಿ ಈಗ 99 ಸಿಸಿ ದಾಟಿದೆ ಎಂದು ಮಗ ನಗುತ್ತಾನೆ.) ಹೆಡ್ಡಿನ ವಾಲ್ವುಗಳನ್ನು ಪೇಸ್ಟ್ ಹಚ್ಚಿ ಉಜ್ಜಿದ ಮೇಲೆ ಪೋರ್ಟಿಗೆ (ವಾಲ್ವಿನ ಹಿಂದಿನ ದಾರಿಗೆ) ಪೆಟ್ರೋಲ್ ಹೊಯ್ದು, ಅದು ಜಿನುಗುವುದಿಲ್ಲವೆಂದು ನನಗೂ ತೋರಿಸಿದರು.

ಜೋಡಿಸುವಾಗಿನ ಎಚ್ಚರವೂ ಮೆಚ್ಚುವಂಥದ್ದೇ. ಪಿಸ್ಟನ್ ಪಿನ್ನಿನ ಲಾಕ್ ಹಾಕುವ ಮೊದಲು ಕೆಳಗಿನ ಇಂಜಿನ್ ಕೇಸಿನ ಬಾಯಿಗೆ ಬಟ್ಟೆ ತುರುಕಿದರು. ಲಾಕ್ ಸಿಡಿದು ಒಳಗೆ ಬಿದ್ದರೆ ಪೂರ್ತಿ ಇಂಜಿನ್ ಬಿಚ್ಚಬೇಕಾಗುತ್ತದೆ. ರಿಂಗುಗಳ ಬಾಯಿಗಳು ಒಂದೇ ಸಾಲಿಗೆ ಬರದಂತೆ ತಿರುಗಿಸಿಟ್ಟು, ಪಿಸ್ಟನ್ ತೀರ ಮೇಲಿದೆಯೆಂದು ತೋರಿಸುವ ಮ್ಯಾಗ್ನೆಟ್ಟಿನ 'ಟಿ' ಗುರುತನ್ನು ಕೇಸಿನ ಗೆರೆಗೆ ಕೂಡಿಸಿ, ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಸರಿಯಾಗಿದೆಯೇ ಎಂದು ಎರಡು ಸುತ್ತು ಕೈಯಿಂದಲೇ ತಿರುಗಿಸಿ ನೋಡಿದರು.

ಕೊರತೆಗಳಿಲ್ಲವೆಂದಲ್ಲ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಅಲ್ಲಿಲ್ಲ. ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ, ಹಂತಹಂತವಾಗಿಯೇ ಬಿಗಿದರೂ ಬಿಗಿತವೆಲ್ಲ ಕೈ ಅಂದಾಜು. ಎರಡು ದಿನವೆಂದ ಕೆಲಸ ಲೇತಿನಲ್ಲಿ ಸರದಿ ಸಿಗದೆ ಐದು ದಿನ ಹಿಡಿಯಿತು, ಫೋನ್ ಮಾಡಿದರೆ "ನಾಳೆ ಬರ್ರಿ" ಎಂಬುದೊಂದೇ ಉತ್ತರ. ಟ್ಯಾಪೆಟ್ ಮುಚ್ಚಳದ ಹಳೆಯ ರಬ್ಬರ್ ರಿಂಗನ್ನೇ ಮತ್ತೆ ಹಾಕಿದ್ದರಿಂದ ಮೂರನೆಯ ದಿನ ಆಯಿಲ್ ಒಸರಿತು. ದುಡ್ಡು ಕೇಳದೆ ಬದಲಾಯಿಸಿದರು, ನಿಜ. ಆದರೆ ಹತ್ತಿಪ್ಪತ್ತು ರೂಪಾಯಿಯ ಸಾಮಾನಿಗಾಗಿ ನನ್ನ ಅರ್ಧ ದಿನದ ರಜೆ ಹೋಯಿತು.

ಕೂಲಿ, ಬೋರಿಂಗ್, ಸಾಮಾನು, ಆಯಿಲ್ ಎಲ್ಲ ಸೇರಿ ನನಗೆ 4,900 ರೂಪಾಯಿ ತಗುಲಿತು. ಹಳೆಯ ಪಿಸ್ಟನ್, ರಿಂಗುಗಳನ್ನು ಕೇಳುವ ಮೊದಲೇ ಚೀಲಕ್ಕೆ ಹಾಕಿ ಕೊಟ್ಟರು. ಮೊದಲ 500 ಕಿ.ಮೀ. ಮೆಲ್ಲಗೆ ಓಡಿಸಿ ಆಯಿಲ್ ಬದಲಿಸಿದ್ದೇನೆ. ಅದಾಗಿ ನಾಲ್ಕು ತಿಂಗಳಾಯಿತು, ಹೊಗೆಯಿಲ್ಲ, ಆಯಿಲ್ ಮಟ್ಟವೂ ಇಳಿದಿಲ್ಲ. ಶುಕ್ರವಾರ ಅಂಗಡಿ ತೆರೆಯುವುದಿಲ್ಲ, ಲೇತಿನವರು ಭಾನುವಾರ ಕೆಲಸ ಮಾಡುವುದಿಲ್ಲ. ಆದ್ದರಿಂದ ಗಾಡಿ ಬಿಡುವವರು ಸೋಮವಾರ ಬೆಳಿಗ್ಗೆಯೇ ಬಿಡುವುದು ಒಳ್ಳೆಯದು.