ಸಂವೇದಕಗಳಿಗೆ ಸಿದ್ಧ ಕಾರ್ಬನ್ ಶಾಯಿ: ಬಳಸಿ ನೋಡಿದ ಮೇಲೆ

ರಾಸಾಯನಿಕ ಸಂವೇದಕಗಳ ಎಲೆಕ್ಟ್ರೋಡ್ ಮುದ್ರಿಸಲೆಂದು ನಮ್ಮ ಪ್ರಯೋಗಾಲಯಕ್ಕೆ ತರಿಸಿದ ಸಿದ್ಧ ಕಾರ್ಬನ್ ಶಾಯಿಯ ಡಬ್ಬವೊಂದನ್ನು ಮೂರು ತಿಂಗಳು ಬಳಸಿ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಗ್ರಾಫೈಟ್ ಪುಡಿ, ಕಾರ್ಬನ್ ಬ್ಲ್ಯಾಕ್ (ಮಸಿಯಂಥ ನುಣ್ಣನೆಯ ಇಂಗಾಲದ ಪುಡಿ), ಅವೆರಡನ್ನೂ ಹಿಡಿದಿಡುವ ಪಾಲಿಮರ್ ಅಂಟು ಮತ್ತು ನಿಧಾನವಾಗಿ ಆರುವ ದ್ರಾವಕ, ಇಂಥ ಶಾಯಿಯಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. ಗ್ರಾಫೈಟಿನ ಚಪ್ಪಟೆ ಹಳುಕುಗಳ ನಡುವಿನ ಸಂದುಗಳನ್ನು ಕಾರ್ಬನ್ ಬ್ಲ್ಯಾಕ್‌ನ ಸೂಕ್ಷ್ಮ ಕಣಗಳು ತುಂಬಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಅಂಟು ಹೆಚ್ಚಾದರೆ ಆ ದಾರಿ ಕಡಿಯುತ್ತದೆ, ಕಡಿಮೆಯಾದರೆ ಪದರವೇ ಉದುರುತ್ತದೆ.

ಮುದ್ರಣದ ಮಟ್ಟಿಗೆ ನನ್ನ ದೂರಿಲ್ಲ. ಪಾಲಿಯೆಸ್ಟರ್ ಹಾಳೆಯ ಮೇಲೆ ಅಂಚುಗಳು ಚೊಕ್ಕವಾಗಿ ಮೂಡಿದವು. ಒಣಗಿದ ಮೇಲೆ ಹಾಳೆಯನ್ನು ಬಾಗಿಸಿದರೂ ಬಿರುಕು ಕಾಣಲಿಲ್ಲ.

ತೊಡಕಿರುವುದು ರಸಾಯನದಲ್ಲಿ. ಎಲೆಕ್ಟ್ರೋಡನ್ನು ಪರೀಕ್ಷಿಸಲೆಂದು ಪೊಟ್ಯಾಸಿಯಮ್ ಫೆರಿಸಯನೈಡ್ ದ್ರಾವಣದಲ್ಲಿ ಸೈಕ್ಲಿಕ್ ವೋಲ್ಟಮೆಟ್ರಿ (ವಿಭವವನ್ನು, ಅಂದರೆ ವೋಲ್ಟೇಜನ್ನು, ಏರಿಸಿ ಇಳಿಸುತ್ತ ಹರಿಯುವ ವಿದ್ಯುತ್ತನ್ನು ಅಳೆಯುವ ವಿಧಾನ) ಮಾಡಿದಾಗ, ಒಂದೇ ಎಲೆಕ್ಟ್ರಾನಿನ ಆದರ್ಶ ಕ್ರಿಯೆಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 59 ಮಿಲಿವೋಲ್ಟ್ ಇರಬೇಕಾದ ಎರಡು ಶೃಂಗಗಳ (ಏರುವಾಗ ಮತ್ತು ಇಳಿಯುವಾಗ ವಿದ್ಯುತ್ತು ಗರಿಷ್ಠವಾಗುವ ಬಿಂದುಗಳ) ಅಂತರವು ಅದರ ಹಲವು ಪಟ್ಟಾಗಿತ್ತು, ಎಂದರೆ ಎಲೆಕ್ಟ್ರಾನ್ ಸರಾಗವಾಗಿ ದಾಟುತ್ತಿರಲಿಲ್ಲ. ಕಣಗಳ ಮೇಲೆ ಅಂಟಿನ ತೆಳುಪೊರೆ ಕುಳಿತು ಎಲೆಕ್ಟ್ರಾನಿನ ವರ್ಗಾವಣೆಯನ್ನು ತಡೆಯುವುದು ಇಂಥ ಶಾಯಿಗಳ ಹಳೆಯ ಕಾಯಿಲೆ. ತೆಳುವಾಗಿಸಿದ (ಸಾರರಿಕ್ತ) ಸಲ್ಫ್ಯೂರಿಕ್ ಆಮ್ಲದಲ್ಲಿ ವಿಭವವನ್ನು ಹಲವು ಬಾರಿ ಏರಿಳಿಸಿ ಮೇಲ್ಮೈಯನ್ನು ಚುರುಕುಗೊಳಿಸಿದ ಮೇಲೆ ಅಂತರ ಗಣನೀಯವಾಗಿ ತಗ್ಗಿತು. ಈ ಹೆಜ್ಜೆಯ ಬಗ್ಗೆ ಡಬ್ಬದ ಜತೆಗಿನ ಸೂಚನಾಪತ್ರ ಒಂದಕ್ಷರವನ್ನೂ ಹೇಳುವುದಿಲ್ಲ. ಹೊಸಬರು ಶಾಯಿಯೇ ಕೆಟ್ಟಿದೆಯೆಂದು ಎಸೆದುಬಿಟ್ಟಾರು.

ಬೆಲೆ ದುಬಾರಿಯೇ. ವಿದ್ಯಾರ್ಥಿಗಳ ಅಭ್ಯಾಸಕ್ಕಾದರೆ ಗ್ರಾಫೈಟನ್ನು ಮನೆಮಟ್ಟದ ಅಂಟಿನೊಡನೆ ಅರೆದು ಮಾಡಿದ ಶಾಯಿ ಸಾಕು. ಒಂದು ಎಲೆಕ್ಟ್ರೋಡಿನಂತೆಯೇ ಇನ್ನೊಂದು ಬರಬೇಕಾದ ಅಳತೆಗಳಿಗೆ ಮಾತ್ರ ನಾನು ಈ ಡಬ್ಬವನ್ನೇ ತೆರೆಯುತ್ತೇನೆ, ತೆರೆದಾಗಲೆಲ್ಲ ತಳದಿಂದ ಚೆನ್ನಾಗಿ ಕಲಕಿಯೇ ಬಳಸುತ್ತೇನೆ.